ಸಮೀಕ್ಷೆಯ ಮೇಲ್ ಕುರಿತು ಪುಟ್ಟಿಗೆ ಬರೆದದ್ದು

ಚಿರಂಜೀವಿ ಪುಟ್ಟಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನಿನ್ನ ಪತ್ರ ಓದಿದೆ. ಕಚೇರಿಯವರೇ ಕಳುಹಿಸಿದ ನೌಕರರ ಅಭಿಪ್ರಾಯ ಸಮೀಕ್ಷೆಯನ್ನು ಮೋಸದ ಮೇಲ್ ಎಂದು ತಿಳಿದು ಮೂರು ಬಾರಿ ಅಳಿಸಿಹಾಕಿದ್ದಾಗಿಯೂ, ಕೊನೆಗೆ ಎಚ್‌ಆರ್ ವಿಭಾಗದವರು ಕರೆದು ವಿಚಾರಿಸಿದ್ದಾಗಿಯೂ ಬರೆದಿದ್ದೀಯೆ. ಅದೇ ಪತ್ರದ ಕೊನೆಯಲ್ಲಿ, ನಾಲ್ಕು ಪ್ರಶ್ನೆಗೆ ಉತ್ತರಿಸಿದರೆ ಬಹುಮಾನವೆಂದ ಇನ್ನೊಂದು ಮೇಲ್ ನಂಬಿ ಕಾರ್ಡಿನ ಸಂಖ್ಯೆ ಕೇಳುವ ಪುಟದವರೆಗೆ ಹೋಗಿ ಬಂದದ್ದನ್ನು ನಗೆಯಾಗಿ ತೇಲಿಸಿಬಿಟ್ಟಿದ್ದೀಯೆ. ಇವು ಎರಡು ಬೇರೆ ತಪ್ಪುಗಳೆಂದು ನಿನ್ನ ಎಣಿಕೆ. ನನಗೆ ಎರಡೂ ಒಂದೇ ಆಗಿ ಕಾಣುತ್ತವೆ. ಕಚೇರಿಯ ಮೇಲ್ ಸಪ್ಪೆಯಾಗಿತ್ತು, ಪರಿಚಯವಿಲ್ಲದ ವಿಳಾಸದಿಂದ ಬಂದಿತ್ತು, ಹಾಗಾಗಿ ಅದು ಸುಳ್ಳಾಯಿತು. ಬಹುಮಾನದ ಮೇಲ್‌ನಲ್ಲಿ ದೊಡ್ಡ ಕಂಪನಿಯ ಲೋಗೊ ಥಳಥಳಿಸುತ್ತಿತ್ತು, ಹಾಗಾಗಿ ಅದು ನಿಜವಾಯಿತು. ಎರಡು ಸಲವೂ ನೀನು ನೋಡಿದ್ದು ವೇಷವನ್ನು.

ನಾನು ಆವಕ-ಜಾವಕ ವಿಭಾಗದಲ್ಲಿ ಕುಳಿತು ಸವೆದವನು. ಲಕೋಟೆಯ ಮೇಲೆ ಕಳುಹಿಸಿದವರ ಹೆಸರನ್ನು ಯಾರು ಬೇಕಾದರೂ ಬರೆಯಬಹುದು, ಆದರೆ ಎಲ್ಲಿ ಅಂಚೆಗೆ ಬಿತ್ತು ಎಂಬುದನ್ನು ಮುದ್ರೆ ಹೇಳುತ್ತದೆ. ಅಲ್ಲಿ ನಮಗೆ ಮೊದಲು ಕಲಿಸಿದ್ದೇ ಇದು. ಇ-ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಗಳನ್ನು 1982ರಲ್ಲಿ ರೂಪಿಸಿದಾಗ, ಕಳುಹಿಸುವವನು ಹೇಳಿಕೊಂಡ ಹೆಸರು ಅವನದೇ ಎಂದು ಪರೀಕ್ಷಿಸುವ ಏರ್ಪಾಡು ಅದರಲ್ಲಿರಲಿಲ್ಲ. ಆ ಕೊರತೆಯನ್ನು ತುಂಬಲು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ತಪಾಸಣೆಗಳು ಆಮೇಲೆ ಬಂದವು. ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳುಹಿಸುವವರಿಗೆ ಜಿಮೇಲ್ ಇವನ್ನು ಕಡ್ಡಾಯ ಮಾಡಿದ್ದು 2024ರಲ್ಲಷ್ಟೇ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಪತ್ರದ ಬಲಮೂಲೆಯ ಮೂರು ಚುಕ್ಕಿಗಳನ್ನು ಒತ್ತಿ ‘ಶೋ ಒರಿಜಿನಲ್’ ಎಂಬುದನ್ನು ಆರಿಸಿದರೆ, ಈ ತಪಾಸಣೆಗಳ ಫಲಿತಾಂಶ ‘ಪಾಸ್’ ಅಥವಾ ‘ಫೇಲ್’ ಎಂದು ಕಾಣಿಸುತ್ತದೆ. ಮೂರೂ ಪಾಸ್ ಎಂದಿದ್ದರೆ ಪತ್ರ ತಾನು ಹೇಳಿಕೊಂಡ ಡೊಮೇನಿನಿಂದಲೇ, ಅಂದರೆ ಇ-ಮೇಲ್ ವಿಳಾಸದ ‘@’ ಗುರುತಿನ ನಂತರ ಬರುವ ತಾಣದ ಹೆಸರಿನಿಂದಲೇ, ಬಂದಿದೆ ಎಂದಷ್ಟೇ ಅರ್ಥ. ಮೋಸಗಾರನು ತನ್ನದೇ ಡೊಮೇನ್ ಕೊಂಡು ಕಳುಹಿಸಿದರೆ ಅದೂ ಪಾಸಾಗುತ್ತದೆ, ಆದ್ದರಿಂದ ಆ ಡೊಮೇನ್ ಯಾರದೆಂದು ಓದಲು ಬರಬೇಕು.

ಓದುವ ರೀತಿ ಹೀಗೆ. ಲಿಂಕನ್ನು ಕ್ಲಿಕ್ ಮಾಡದೆ ಅದರ ಮೇಲೆ ಮೌಸ್ ಇರಿಸು. ಫೋನಿನಲ್ಲಾದರೆ ಬೆರಳನ್ನು ಒತ್ತಿಹಿಡಿ. ವಿಳಾಸದಲ್ಲಿ ಎರಡು ಗೀರುಗಳ (//) ನಂತರ ಬರುವ ಮೊದಲ ಒಂಟಿ ಗೀರನ್ನು (/) ಹುಡುಕಿ, ಅಲ್ಲಿಂದ ಎಡಕ್ಕೆ ಹಿಮ್ಮುಖವಾಗಿ ಓದು. ‘ಸಮೀಕ್ಷೆ.ನಿನ್ನಕಂಪನಿ.ಕಾಮ್’ ಎಂದಿದ್ದರೆ ಒಡೆಯ ನಿನ್ನ ಕಂಪನಿ. ‘ನಿನ್ನಕಂಪನಿ.ಕಾಮ್.ಉಡುಗೊರೆ.ನೆಟ್’ ಎಂದಿದ್ದರೆ ಒಡೆಯ ‘ಉಡುಗೊರೆ.ನೆಟ್’, ಮುಂದಿರುವ ನಿನ್ನ ಕಂಪನಿಯ ಹೆಸರು ಬರೀ ಅಲಂಕಾರ. ಇಂಗ್ಲಿಷಿನ ‘ಆರ್’ ಮತ್ತು ‘ಎನ್’ ಸಣ್ಣಕ್ಷರಗಳು ಅಂಟಿಕೊಂಡು ‘ಎಂ’ನಂತೆ ಕಾಣುವ ವಿಳಾಸಗಳೂ ಇವೆ, ನನ್ನ ಕನ್ನಡಕಕ್ಕೆ ಅವೆರಡೂ ಒಂದೇ, ನಿನ್ನ ಕಣ್ಣು ಚೆನ್ನಾಗಿರುವಾಗ ನಿಧಾನಿಸಿ ನೋಡು. ವಿಳಾಸದ ಮೊದಲಲ್ಲಿ ‘ಎಚ್‌ಟಿಟಿಪಿಎಸ್’ ಇದೆಯೆಂದು ಸಮಾಧಾನಪಡಬೇಡ. ದಾರಿಯಲ್ಲಿ ಮಾಹಿತಿಯನ್ನು ಬೇರೆಯವರು ಓದಲಾರರು ಎಂದಷ್ಟೇ ಅದು ಹೇಳುತ್ತದೆ. ಆ ತುದಿಯಲ್ಲಿ ಕುಳಿತವನು ಯಾರೆಂದು ಹೇಳುವುದಿಲ್ಲ.

ನೀನು ಎಡವಿದ ಜಾಗ ಮಾತ್ರ ನಿಜವಾಗಿಯೂ ಕಷ್ಟದ್ದು, ಅದಕ್ಕಾಗಿ ನಿನ್ನನ್ನು ಬೈಯಲಾರೆ. ಬಹಳಷ್ಟು ಕಂಪನಿಗಳು ಸಮೀಕ್ಷೆಯನ್ನು ತಾವೇ ನಡೆಸದೆ ಕ್ವಾಲ್‌ಟ್ರಿಕ್ಸ್, ಸರ್ವೇಮಂಕಿಯಂಥ ಹೊರಗಿನ ಸಂಸ್ಥೆಗಳಿಗೆ ವಹಿಸುತ್ತವೆ. ಹೀಗಾಗಿ ಅಸಲಿ ಸಮೀಕ್ಷೆಯೂ ಬೇರೆ ಡೊಮೇನಿನಿಂದ ಬರಬಹುದು. ಅಂಥ ಸೇವೆಗಳಲ್ಲಿ ಯಾರು ಬೇಕಾದರೂ ಖಾತೆ ತೆರೆಯಬಹುದಾದ್ದರಿಂದ ಆ ಹೆಸರುಗಳನ್ನು ನೋಡಿ ನಂಬುವಂತೆಯೂ ಇಲ್ಲ. ಗೂಗಲ್ ಫಾರ್ಮ್ಸ್‌ನ ಅಡಿಯಲ್ಲಿ ‘ಇಲ್ಲಿ ಎಂದಿಗೂ ಪಾಸ್‌ವರ್ಡ್ ಕೊಡಬೇಡಿ’ ಎಂಬ ಸಾಲನ್ನು ಗೂಗಲ್ ತಾನೇ ಅಚ್ಚುಹಾಕಿಟ್ಟಿರುವುದು ಸುಮ್ಮನೆ ಅಲ್ಲ. ಇಲ್ಲಿ ಪತ್ರವನ್ನು ಎಷ್ಟು ದಿಟ್ಟಿಸಿದರೂ ತೀರ್ಮಾನ ಸಿಗದು, ಹೊರಗಿನ ಸಾಕ್ಷಿ ಬೇಕು. ಸಮೀಕ್ಷೆ ಬರುತ್ತದೆ ಎಂದು ಕಚೇರಿಯ ಒಳಜಾಲದಲ್ಲೋ ಮೇಲಧಿಕಾರಿಯ ಪತ್ರದಲ್ಲೋ ಮೊದಲೇ ತಿಳಿಸಿದ್ದಾರೆಯೇ ನೋಡು, ಇಲ್ಲವಾದರೆ ಎಚ್‌ಆರ್‌ಗೆ ಫೋನ್ ಮಾಡಿ ಕೇಳು. ಅನುಮಾನದ ಮೇಲ್‌ಗೇ ಉತ್ತರಿಸಿ, ಅಥವಾ ಅದರಲ್ಲೇ ಕೊಟ್ಟ ಸಂಖ್ಯೆಗೆ ಕರೆ ಮಾಡಿ ‘ನೀವು ನಿಜವೇ’ ಎಂದು ಕೇಳುವುದು ಕಳ್ಳನನ್ನೇ ಪಂಚಾಯಿತಿಗೆ ಕೂರಿಸಿದಂತೆ.

ಆಮೇಲೆ ಅದು ಏನು ಕೇಳುತ್ತದೆ ಎಂಬುದನ್ನು ಗಮನಿಸು. ಅಸಲಿ ಸಮೀಕ್ಷೆಗೆ ಬೇಕಾದದ್ದು ನಿನ್ನ ಅಭಿಪ್ರಾಯ: ನಮ್ಮನ್ನು ಇತರರಿಗೆ ಶಿಫಾರಸು ಮಾಡುವಿರಾ, 0ಯಿಂದ 10ರೊಳಗೆ ಅಂಕ ಕೊಡಿ ಎಂಬಂಥದ್ದು. ನಿನಗೆ ಕಳುಹಿಸುವ ಲಿಂಕಿನಲ್ಲಿ ಬಹುಮಟ್ಟಿಗೆ ನಿನ್ನದೇ ಆದ ಸಂಕೇತ ಅಡಗಿರುವುದರಿಂದ ನೀನು ಯಾರೆಂದು ಅವರಿಗೆ ಮೊದಲೇ ಗೊತ್ತಿರುತ್ತದೆ. ಹುಟ್ಟಿದ ದಿನ, ಬ್ಯಾಂಕ್ ಖಾತೆ, ಒಟಿಪಿ ಕೇಳುವ ಅಗತ್ಯ ಅವರಿಗಿಲ್ಲ. (ಈ ಕಾರಣಕ್ಕಾಗಿಯೇ, ‘ಗೌಪ್ಯ’ ಎಂದು ಬರೆದಿದ್ದರೆ ‘ಅನಾಮಧೇಯ’ ಎಂದು ಓದಿಕೊಂಡು ಮೇಲಧಿಕಾರಿಯ ಮೇಲಿನ ಸಿಟ್ಟನ್ನೆಲ್ಲ ಅಲ್ಲಿ ಸುರಿಯಬೇಡ.) ಕೆಲವು ಸಮೀಕ್ಷೆಗಳು ಕಚೇರಿಯ ಲಾಗಿನ್ ಕೇಳುವುದುಂಟು. ಆಗ ಕಚೇರಿಯ ತಾಣದ ವಿಳಾಸವನ್ನು ನೀನೇ ಟೈಪಿಸಿ ಒಳಹೋಗಿ, ಅಲ್ಲಿಂದ ಸಮೀಕ್ಷೆಯನ್ನು ತಲುಪಲು ನೋಡು. ಪಾಸ್‌ವರ್ಡ್‌ಗಳನ್ನು ನೆನಪಿಟ್ಟು ತುಂಬಿಕೊಡುವ ಪಾಸ್‌ವರ್ಡ್ ಮ್ಯಾನೇಜರ್ ಬಳಸುತ್ತಿದ್ದರೆ ಅದೂ ಒಬ್ಬ ಒಳ್ಳೆಯ ಕಾವಲುಗಾರ: ಪುಟ ಕಣ್ಣಿಗೆ ಎಷ್ಟೇ ಪರಿಚಿತವಾಗಿದ್ದರೂ, ಡೊಮೇನ್ ಬೇರೆಯಾಗಿದ್ದರೆ ಅದು ತಾನಾಗಿ ಪಾಸ್‌ವರ್ಡ್ ತುಂಬುವುದಿಲ್ಲ. ಎಂದೂ ತಾನೇ ತುಂಬುತ್ತಿದ್ದುದು ಇಂದು ಸುಮ್ಮನಿದ್ದರೆ, ಸಿಡುಕಿಕೊಂಡು ಕೈಯಿಂದ ಟೈಪಿಸಲು ಹೋಗಬೇಡ.

ಬಹುಮಾನದ ಸಮೀಕ್ಷೆಯ ಬಗ್ಗೆ ನಿನಗೆ ಬುದ್ಧಿ ಹೇಳುವಾಗ ನನ್ನ ಕಥೆಯನ್ನು ಮುಚ್ಚಿಡುವುದು ಸರಿಯಲ್ಲ. ನಿನ್ನ ಅತ್ತೆಗೂ ಇದು ಪೂರ್ತಿ ಗೊತ್ತಿಲ್ಲ. ಅಂಥದ್ದೊಂದನ್ನು ನಾನು ಉತ್ಸಾಹದಿಂದ ತುಂಬಿದೆ. ಮೂಲೆಯಲ್ಲಿ ಗಡಿಯಾರವೊಂದು ಸೆಕೆಂಡುಗಳನ್ನು ಇಳಿಸುತ್ತಿತ್ತು, ಕೆಳಗೆ ಬಹುಮಾನ ಪಡೆದವರ ಸಾಲು ಸಾಲು ಹೊಗಳಿಕೆಗಳಿದ್ದವು. ಉಡುಗೊರೆ ಉಚಿತ, ಸಾಗಣೆಯ ಪುಟ್ಟ ಮೊತ್ತ ಮಾತ್ರ ಕೊಡಿ ಎಂದರು, ಕೊಟ್ಟೆ. ಉಡುಗೊರೆ ಬರಲಿಲ್ಲ, ಮರುತಿಂಗಳಿನಿಂದ ಕಾರ್ಡಿನಿಂದ ಹಣ ಹೋಗತೊಡಗಿತು. ಪುಟದ ತಳದಲ್ಲಿ ಮಾಸಲು ಅಕ್ಷರದಲ್ಲಿ ‘ಮಾಸಿಕ ಚಂದಾ’ ಎಂದಿತ್ತಂತೆ. ಕಾರ್ಡನ್ನೇ ರದ್ದು ಮಾಡಿಸಿದ ಮೇಲೆ ಅದು ನಿಂತಿತು. ಆ ಗಡಿಯಾರ ಶೂನ್ಯಕ್ಕೆ ಬಂದರೆ ಏನಾಗುತ್ತದೆ ಎಂದು ಸುಮ್ಮನೆ ಕಾದಿದ್ದರೆ ಸಾಕಿತ್ತು ಎಂದು ಈಗ ಅನ್ನಿಸುತ್ತದೆ.

ಇನ್ನು ‘ಅನ್‌ಸಬ್‌ಸ್ಕ್ರೈಬ್’ ಬಗ್ಗೆ ಕೇಳಿದ್ದೀಯೆ. ಪರಿಚಿತ ಕಂಪನಿಯ ಅಸಲಿ ಮೇಲ್ ಎಂದು ಖಾತ್ರಿಯಾಗಿದ್ದರೆ ಧಾರಾಳವಾಗಿ ಒತ್ತು. ಉಳಿದವಕ್ಕೆ ‘ಸ್ಪ್ಯಾಮ್’ ಗುಂಡಿಯೇ ಸಾಕು, ಏಕೆಂದರೆ ಕಸದ ಮೇಲ್‌ನಲ್ಲಿ ಆ ಲಿಂಕ್ ಒತ್ತಿದರೆ ಈ ವಿಳಾಸದಲ್ಲಿ ಮನುಷ್ಯರಿದ್ದಾರೆ ಎಂದು ನೀನೇ ಹೇಳಿಕಳುಹಿಸಿದಂತಾಗುತ್ತದೆ.

ಮುಂದೆಂದಾದರೂ ಕೈತಪ್ಪಿ ಪಾಸ್‌ವರ್ಡ್ ಕೊಟ್ಟುಬಿಟ್ಟರೆ, ಆ ಕ್ಷಣವೇ ಅಸಲಿ ತಾಣಕ್ಕೆ ಹೋಗಿ ಅದನ್ನು ಬದಲಿಸಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿ, ಕಚೇರಿಯ ಐಟಿಯವರಿಗೆ ತಿಳಿಸು. ನನ್ನಂತೆ ತಿಂಗಳುಗಟ್ಟಲೆ ನಾಚಿಕೊಂಡು ಕೂರಬೇಡ. ಅನುಮಾನದ ಮೇಲ್ ಬಂದಾಗ ನನಗೂ ತೋರಿಸು, ಆದರೆ ಫಾರ್ವರ್ಡ್ ಮಾಡದೆ ಸ್ಕ್ರೀನ್‌ಶಾಟ್ ಕಳುಹಿಸು. ಫಾರ್ವರ್ಡ್ ಮಾಡಿದರೆ ಲಿಂಕ್ ಜೀವಂತವಾಗಿ ಇಲ್ಲಿಗೂ ಬರುತ್ತದೆ, ನನ್ನ ಹೆಬ್ಬೆರಳಿನ ಮೇಲೆ ನನಗೆ ಅಷ್ಟು ಭರವಸೆಯಿಲ್ಲ.

ಇಂತಿ ನಿನ್ನ
ಸೋದರಮಾವ