ಹಸ್ತಪ್ರತಿಗಿಂತ ನಿನ್ನ ಚೀಟಿ ಚೆನ್ನಾಗಿದೆ

ಶಿವಮೊಗ್ಗ

ಪ್ರೀತಿಯ ಕಿರಿಯ ಗೆಳತಿಗೆ,

ನಿನ್ನ ಲಕೋಟೆ ಕೈಸೇರಿ ಮೂರು ತಿಂಗಳಾಯಿತು. ತಡವಾದದ್ದಕ್ಕೆ ಕ್ಷಮೆ ಕೇಳುವುದಿಲ್ಲ, ತಪ್ಪು ನಿನ್ನದೇ. ಜಪಾನೀ ಚಿತ್ರಕಥೆಗಳಾದ ಮಂಗಾದಲ್ಲಿ ಹೆಣ್ಣು-ಗಂಡು, ಮಂಗಾದಲ್ಲಿ ನರವೈವಿಧ್ಯ (ಆಟಿಸಂನಂತೆ ಮನಸ್ಸು ಬೇರೆ ಬಗೆಯಲ್ಲಿ ಓಡುವುದು) ಎಂದು 118 ಪುಟ ಬರೆದು ಕಳಿಸಿಬಿಟ್ಟೆ. ಮಂಗಾದ ಒಂದು ಹಾಳೆಯನ್ನೂ ಮುಟ್ಟಿರದ ನಾನು ಏನೆಂದು ಉತ್ತರ ಬರೆಯಲಿ? ಓದಲೇಬೇಕಾಯಿತು. ಮೊಮ್ಮಗಳು ತಂದುಕೊಟ್ಟ ಮೊದಲ ಪುಸ್ತಕವನ್ನು ರೂಢಿಯಂತೆ ಎಡಗಡೆಯಿಂದ ತೆರೆದು ಇಪ್ಪತ್ತು ಪುಟ ಓದಿದೆ. ಕಥೆ ಹಿಂದುಮುಂದಾಗಿ ಸಾಗುತ್ತಿತ್ತು, ಎಂಥ ಧೈರ್ಯದ ಪ್ರಯೋಗವಪ್ಪಾ ಎಂದು ಮೆಚ್ಚಿಕೊಂಡೆ. ಇದನ್ನು ಬಲಗಡೆಯಿಂದ ಓದಬೇಕೆಂದು ಅವಳು ಹೇಳಿದ ಮೇಲೆ ನನ್ನ ಮೆಚ್ಚುಗೆಯನ್ನು ಮಡಚಿ ಒಳಗಿಟ್ಟುಕೊಂಡೆ.

ಪ್ರಕಾಶಕರನ್ನು ಹುಡುಕುವುದು ಹೇಗೆ, ಅಧ್ಯಾಯಗಳನ್ನು ವಿಂಗಡಿಸುವುದು ಹೇಗೆ ಎಂದೆಲ್ಲ ಕೇಳಿದ್ದೀಯೆ. ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಕಾಗುಣಿತದ ತಪ್ಪುಗಳಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ, ಆ ಬಾಬತ್ತು ಅಲ್ಲಿಗೆ ಮುಗಿಯಿತು.

ನಾನು ಬರೆಯಬೇಕೆಂದಿರುವುದು ಹಸ್ತಪ್ರತಿಗೆ ನೀನು ಪಿನ್ನು ಚುಚ್ಚಿ ಕಳಿಸಿದ್ದ ಚೀಟಿಯ ಬಗ್ಗೆ. ಅದರಲ್ಲಿ ಎರಡೇ ವಾಕ್ಯಗಳಿದ್ದವು. ‘ನನಗೆ ಆಟಿಸಂ ಇದೆಯೆಂದು ವೈದ್ಯರು ಹೇಳಿದಾಗ ನನಗೆ ಇಪ್ಪತ್ತಾರು ವರ್ಷ. ಅದಕ್ಕೆ ಏಳು ವರ್ಷ ಮೊದಲೇ ಜೆಲ್ಲಿ ಮೀನಿನ ಹುಡುಗಿ ಹೇಳಿದ್ದಳು.’ ಇದನ್ನು ಓದಿ ಕನ್ನಡಕ ತೆಗೆದಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆಮೇಲೆ ಆಸೆಯಿಂದ ಹಸ್ತಪ್ರತಿ ತೆರೆದರೆ ಅದರಲ್ಲಿ ಈ ಚೀಟಿ ಬರೆದವಳೇ ಇಲ್ಲ! ಒಂದನೆಯ ಪುಟದಿಂದ ಕೊನೆಯ ಪುಟದವರೆಗೆ ‘ನಾನು’ ಎಂಬ ಶಬ್ದ ಎಲ್ಲಿಯೂ ಬರುವುದಿಲ್ಲ. ಬದಲಿಗೆ ನಾಲ್ಕು ಕಲಮುಗಳ ಒಂದು ಪಟ್ಟಿ ಇದೆ: ಪಾತ್ರ, ಲಿಂಗ, ಸ್ಥಿತಿ, ಚಿತ್ರಣ ಧನಾತ್ಮಕವೋ ಋಣಾತ್ಮಕವೋ. ದನದ ಜಾತ್ರೆಯಲ್ಲಿ ದಲ್ಲಾಳಿ ಎತ್ತಿನ ಬಾಯಿ ತೆರೆಸಿ ಹಲ್ಲು ಎಣಿಸುವಂತೆ ಮೂವತ್ತಾರು ಪಾತ್ರಗಳ ಹಲ್ಲು ಎಣಿಸಿದ್ದೀಯೆ. ನನಗೆ ಸಿಟ್ಟು ಬಂತು. ಈಗಲೂ ಇಳಿದಿಲ್ಲ.

ಜೆಲ್ಲಿ ಮೀನಿನ ಹುಡುಗಿಯನ್ನೇ ತೆಗೆದುಕೋ. ಅಕಿಕೋ ಹಿಗಾಶಿಮುರಾ ಅವರ ‘ಕುರಗೆಹಿಮೆ’ 2008ರಿಂದ 2017ರವರೆಗೆ ಧಾರಾವಾಹಿಯಾಗಿ ಬಂದು 17 ಸಂಪುಟಗಳಾಯಿತು ಎಂದು ಬರೆದಿದ್ದೀಯೆ. ಸರಿ. ಅದರ ನಾಯಕಿ ತ್ಸುಕಿಮಿಯ ಹೆಸರಿನ ಮುಂದೆ ‘ಹೆಣ್ಣು, ಸಾಮಾಜಿಕ ಆತಂಕ, ಬಹುಶಃ ಆಟಿಸಂ, ಮಿಶ್ರ’ ಎಂದು ನಮೂದಿಸಿದ್ದೀಯೆ. ಮಿಶ್ರವಂತೆ! ಸಾಂಬಾರೇನು ಅದು? ಮೊದಲ ಅಧ್ಯಾಯದಲ್ಲಿ ಆ ಹುಡುಗಿ ರಾತ್ರಿ ಅಂಗಡಿಯ ಗಾಜಿನ ಹೊರಗೆ ನಿಂತಿರುತ್ತಾಳೆ. ಅವಳು ದಿನವೂ ಬಂದು ನೋಡಿ ಹೋಗುವ ಚುಕ್ಕೆಯ ಜೆಲ್ಲಿ ಮೀನನ್ನು ಬೇರೆ ಜಾತಿಯ ಜೆಲ್ಲಿ ಮೀನಿನ ತೊಟ್ಟಿಗೆ ಹಾಕಿಬಿಟ್ಟಿದ್ದಾರೆ. ಎರಡನ್ನೂ ಕೂಡಿಸಿಟ್ಟರೆ ತನ್ನದು ಸಾಯುತ್ತದೆಂದು ಅವಳಿಗೆ ಗೊತ್ತು. ಒಳಗಿರುವವನು ಠೀವಿಯಿಂದ ಉಡುಪು ತೊಟ್ಟ ಯುವಕ. ಗೊತ್ತಿರುವ ಒಂದು ಮಾತನ್ನು ಅಂಥವನಿಗೆ ಹೇಳಲು ಅವಳು ಪಡುವ ಪಾಡನ್ನು ಲೇಖಕಿ ಪುಟಗಟ್ಟಲೆ ಬಿಡಿಸಿದ್ದಾರೆ. ಕೊನೆಗೂ ಒಳಗೆ ನುಗ್ಗಿ ಹೇಳಿದಾಗ ಮಾತು ತಡವರಿಸಿ, ಉಕ್ಕಿ, ಯಾರಿಗೂ ಅರ್ಥವಾಗದೆ, ಅವಳನ್ನು ಹೊರಗೆ ದಬ್ಬುತ್ತಾರೆ.

ಚೀಟಿ ಬರೆದವಳು ನಿಂತಿದ್ದು ಆ ಗಾಜಿನ ಹೊರಗೇ ಅಲ್ಲವೇ? ಅಲ್ಲಿ ನಿಂತು ಬರೆ. ನಿನ್ನ ತೊಟ್ಟಿಯಲ್ಲಿದ್ದದ್ದು ಯಾವ ಮೀನು? ಯಾವ ಕೌಂಟರಿನ ಮುಂದೆ ನಿನ್ನ ನಾಲಿಗೆ ಕಚ್ಚಿಕೊಂಡಿತು? ಅದನ್ನು ಬರೆಯದೆ ‘ಮಿಶ್ರ’ ಎಂದು ಬರೆಯುವ ಹಕ್ಕು ನಿನಗಿಲ್ಲ.

ನಾನು ಒರಟಾದೆ. ಒಂದು ಲೋಟ ಕಾಫಿ ಕುಡಿದು ಬಂದು ಮುಂದುವರಿಸುತ್ತಿದ್ದೇನೆ.

ಆ ರಾತ್ರಿ ತ್ಸುಕಿಮಿಯ ನೆರವಿಗೆ ಬರುವ ಚೆಲುವೆ ಬೆಳಗಾಗುವಾಗ ಗಂಡಸಾಗಿರುತ್ತಾಳೆ. ನೋಡು, ಈ ವಾಕ್ಯ ಬರೆಯುವಾಗಲೇ ಕನ್ನಡದ ಕ್ರಿಯಾಪದ ನನ್ನನ್ನು ಸಿಕ್ಕಿಸಿಹಾಕಿತು. ಕುರನೋಸುಕೆ ರಾಜಕಾರಣಿಯೊಬ್ಬನ ಮಗ. ಹೆಣ್ಣುಡುಗೆ ಅವನಿಗೆ ಇಷ್ಟ, ತಾನು ಗಂಡೆಂದು ಅವನೇ ಹೇಳಿಕೊಳ್ಳುತ್ತಾನೆ. ನೀನು ಮಾತ್ರ ಅವನನ್ನು ‘ಅವರು ಬಂದರು, ಅವರು ನಕ್ಕರು’ ಎಂದು ಬರೆದಿದ್ದೀಯೆ. ನಿನ್ನ ಉದ್ದೇಶ ಒಳ್ಳೆಯದೇ. ಆದರೆ ಕನ್ನಡದಲ್ಲಿ ‘ಅವರು’ ಲಿಂಗವನ್ನು ಅಳಿಸುವ ಜೊತೆಗೆ ಕುರ್ಚಿಯನ್ನೂ ಹಾಕಿಕೊಡುತ್ತದೆ. ಪಾಪ ಕುರನೋಸುಕೆ ನಿನ್ನ ಕೈಯಲ್ಲಿ ತಪಾಸಣೆಗೆ ಬಂದ ತಹಸೀಲ್ದಾರರಂತೆ ಕಾಣುತ್ತಾನೆ. ಆ ಶಬ್ದ ನಿಜಕ್ಕೂ ಹೊಂದುವುದು ಬೇರೆ ಕಡೆ. ಯೂಕಿ ಕಾಮತಾನಿ ಅವರ ‘ಶಿಮನಾಮಿ ತಾಸೊಗರೆ’ಯಲ್ಲಿ ಒನೊಮಿಚಿ ಊರಿನಲ್ಲಿ ಜನ ಬಂದು ಕೂಡುವ ಒಂದು ಮನೆಯನ್ನು ನಡೆಸುವವರ ಹೆಸರೇ ‘ಯಾರೋ’. ಗಂಡೋ ಹೆಣ್ಣೋ ಎಂದು ತಿಳಿಯಗೊಡದ ವ್ಯಕ್ತಿ. ‘ಯಾರೋ ಬಂದರು’ ಎಂದು ಕನ್ನಡದಲ್ಲಿ ಬರೆದು ನೋಡು. ಲಿಂಗದ ಸುಳಿವೇ ಇಲ್ಲದೆ ಎಷ್ಟು ಸಲೀಸಾಗಿ ಒಳಗೆ ಬಂದುಬಿಟ್ಟರು! ಜಪಾನೀ ಭಾಷೆಯಲ್ಲಿ ಇದು ತಿರುವುಮುರುವು ಎಂದು ನಿನ್ನಿಂದಲೇ ಕಲಿತೆ. ಅಲ್ಲಿ ಕ್ರಿಯಾಪದಕ್ಕೆ ಲಿಂಗದ ಗೊಡವೆಯಿಲ್ಲ, ಆದರೆ ‘ನಾನು’ ಎನ್ನಲು ವತಾಶಿಯೋ ಬೊಕುವೋ ಒರೆಯೋ ಎಂದು ಆರಿಸಿಕೊಳ್ಳಬೇಕು. ಹುಡುಗಿಯೊಬ್ಬಳು ‘ಬೊಕು’ ಎಂದರೆ ತರಗತಿಯೆಲ್ಲ ತಿರುಗಿ ನೋಡುತ್ತದೆ. ನಮ್ಮ ‘ನಾನು’ ಅಂಥ ಯಾವ ಭಾರವನ್ನೂ ಹೊತ್ತಿಲ್ಲ. ಅದನ್ನೇ ನೀನು 118 ಪುಟಗಳಲ್ಲಿ ಒಮ್ಮೆಯೂ ಬಳಸಲಿಲ್ಲ.

ಬಟ್ಟೆಯ ವಿಷಯಕ್ಕೆ ಬರುತ್ತೇನೆ. ಕುರನೋಸುಕೆ ತ್ಸುಕಿಮಿಗೆ ಕನ್ನಡಕ ತೆಗೆಸಿ, ಜಡೆ ಬಿಚ್ಚಿಸಿ, ಬಣ್ಣ ಹಚ್ಚುತ್ತಾನೆ. ಅವಳು ಸುಂದರಿಯಾಗುತ್ತಾಳೆ. ಇದನ್ನು ನೀನು ‘ಹೆಣ್ಣನ್ನು ಒಪ್ಪವಾಗಿಸುವ ಹಳೆಯ ಚಾಳಿ’ ಎಂದು ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ದೀಯೆ. ನನಗೆ ಅಲ್ಲಿ ಕಂಡದ್ದು ಬೇರೆ. ಅದೇ ಫ್ರಾಕು, ಅದೇ ಲಿಪ್‌ಸ್ಟಿಕ್ಕು ಅವನಿಗೆ ಬಿಡುಗಡೆ, ಅವಳಿಗೆ ವೇಷ. ಅವನು ಹೆಣ್ಣುಡುಗೆಯಲ್ಲಿ ಉಸಿರಾಡುತ್ತಾನೆ, ಅವಳು ಅದರಲ್ಲಿ ಉಸಿರು ಬಿಗಿಹಿಡಿಯುತ್ತಾಳೆ. ಎಲ್ಲರಂತೆ ಕಾಣಲು ಆಟಿಸಂ ಇರುವ ಹೆಣ್ಣುಮಕ್ಕಳು ದಿನವಿಡೀ ಹಾಕಿಕೊಳ್ಳುವ ಮುಖವಾಡದ ಬಗ್ಗೆ ನೀನು ಐದನೆಯ ಅಧ್ಯಾಯದಲ್ಲಿ ಬರೆದಿದ್ದೀಯಲ್ಲ, ಅದನ್ನು ಈ ಕನ್ನಡಿಯ ಮುಂದೆ ತಂದು ನಿಲ್ಲಿಸಬಾರದಿತ್ತೇ? ಆಟಿಸಂ ಬಗ್ಗೆ ಬರೆದ ವೈದ್ಯ ಕ್ಯಾನರ್ 1943ರಲ್ಲಿ ವಿವರಿಸಿದ 11 ಮಕ್ಕಳಲ್ಲಿ 8 ಗಂಡು, 3 ಹೆಣ್ಣು. ಮರುವರ್ಷ ಇನ್ನೊಬ್ಬ ವೈದ್ಯ ಆಸ್ಪರ್ಗರ್ ವಿಸ್ತಾರವಾಗಿ ಬರೆದ ನಾಲ್ವರೂ ಹುಡುಗರೇ ಎಂದು ಅಲ್ಲಿ ಕೊಟ್ಟ ಲೆಕ್ಕ ಉಪಯುಕ್ತವಾದದ್ದು. ನಿನ್ನನ್ನು ಇಪ್ಪತ್ತಾರರವರೆಗೆ ಯಾರೂ ಯಾಕೆ ಗುರುತಿಸಲಿಲ್ಲ ಎಂಬುದರ ಒಂದು ಬೇರು ಅಲ್ಲಿದೆ. ಆದರೆ ಲೆಕ್ಕ ಒಂದು ಅಧ್ಯಾಯದಲ್ಲಿ, ಕನ್ನಡಿ ಇನ್ನೊಂದರಲ್ಲಿ, ನೀನು ಪಿನ್ನು ಚುಚ್ಚಿದ ಚೀಟಿಯಲ್ಲಿ. ಮೂವರೂ ಒಬ್ಬರಿಗೊಬ್ಬರು ಭೇಟಿಯೇ ಆಗಿಲ್ಲ.

ಇದಕ್ಕಿಂತ ಹೊಟ್ಟೆ ಉರಿದದ್ದು ರ್ಯೋಕೋ ಕುಯಿ ಅವರ ‘ದಂಜನ್ ಮೆಶಿ’ಯ ಭಾಗವನ್ನು ಓದಿದಾಗ. ನನಗೆ ಎಲ್ಲಕ್ಕಿಂತ ಹಿಡಿಸಿದ ಪುಸ್ತಕ ಅದು. (ರಾಕ್ಷಸಪ್ರಾಣಿಗಳನ್ನು ಕೊಯ್ದು ಅಡುಗೆ ಮಾಡುವ ಪುಟಗಳನ್ನು ನಮ್ಮ ಮನೆಯ ಸಸ್ಯಾಹಾರಿಗಳಿಗೆ ತೋರಿಸಿಲ್ಲ.) ಲಾಯೋಸ್ ಮತ್ತು ಫಾಲಿನ್, ಅಣ್ಣ ತಂಗಿ. ನಿನ್ನ ಪಟ್ಟಿಯಲ್ಲಿ ಇಬ್ಬರಿಗೂ ಒಂದೇ ಷರಾ, ‘ಹೆಸರಿಸದ ಆಟಿಸಂ, ಧನಾತ್ಮಕ’. ಪುಸ್ತಕದಲ್ಲಿ ಎಲ್ಲಿಯೂ ಆ ಶಬ್ದವಿಲ್ಲ, ಓದುಗರು ತಮ್ಮನ್ನು ಅಲ್ಲಿ ಕಂಡುಕೊಂಡಿದ್ದಾರೆ, ನಿಜ. ಆದರೆ ತೋಶಿರೋ ಎಲ್ಲಿ ಹೋದ? ಅವನು ಫಾಲಿನ್‌ಳನ್ನು ಮದುವೆಯಾಗಲು ಕೇಳಿದವನು. ಅವನೇ ಲಾಯೋಸ್‌ನ ಮುಖಕ್ಕೆ ಹೇಳುತ್ತಾನೆ, ನೀನು ನನಗೆ ಮೊದಲಿನಿಂದಲೂ ಸಹ್ಯವಾಗಿರಲಿಲ್ಲ, ಎದುರಿನವನ ಸೂಚನೆ ನಿನಗೆ ತಿಳಿಯುವುದೇ ಇಲ್ಲ ಎಂದು. ಗೆಳೆಯರೆಂದೇ ನಂಬಿಕೊಂಡಿದ್ದ ಲಾಯೋಸ್, ಹಾಗಿದ್ದರೆ ಅಂದೇ ಬಾಯಿಬಿಟ್ಟು ಯಾಕೆ ಹೇಳಲಿಲ್ಲ ಎಂದು ಕೇಳುತ್ತಾನೆ. ಇಬ್ಬರೂ ಕೈ ಕೈ ಮಿಲಾಯಿಸುತ್ತಾರೆ. ಮನುಷ್ಯರ ನಡುವೆ ಬೆರೆಯಲು ತಿಳಿಯದ ಅದೇ ವಿಚಿತ್ರ ಅಣ್ಣನಲ್ಲಿದ್ದರೆ ಮೈಯೆಲ್ಲ ಉರಿ, ತಂಗಿಯಲ್ಲಿದ್ದರೆ ಮದುವೆಯ ಪ್ರಸ್ತಾಪ! ಹೆಣ್ಣು-ಗಂಡು ಮತ್ತು ನರವೈವಿಧ್ಯ ಎರಡನ್ನೂ ಒಂದೇ ನೂಲಿನಲ್ಲಿ ಹೆಣೆದು ಲೇಖಕಿ ನಿನ್ನ ಕೈಗೆ ಇಟ್ಟಿದ್ದಾರೆ. ನೀನು ಅದನ್ನು ಎರಡು ಕಲಮುಗಳಾಗಿ ಹರಿದೆ. ತಂಗಿಯ ಸ್ಥಾನ ಅಣ್ಣನದಕ್ಕಿಂತ ಹಗುರವೆಂದೂ ಹೇಳಲಾರೆ. ಮುದ್ದು ಎಂದು ಕಂಡವಳನ್ನು ಯಾರೂ ಎದುರು ನಿಲ್ಲಿಸಿ ಜಗಳವಾಡುವುದಿಲ್ಲ. ಜಗಳವಾಡದವರು ತಿಳಿದುಕೊಳ್ಳುವ ಗೋಜಿಗೂ ಹೋಗುವುದಿಲ್ಲ. ಇದು ನಿನಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು.

ಕೇಯ್ಕೋ ತೋಬೆ ಅವರ ‘ಹಿಕಾರಿ ತೋ ತೊಮೊ ನಿ’ಯ ಮೇಲೆ ನೀನು ಹರಿಹಾಯ್ದದ್ದು ಅನ್ಯಾಯ. ಆಟಿಸಂ ಇರುವ ಹುಡುಗ ಹಿಕಾರುವಿನ ಮನಸ್ಸು ಒಳಗಿನಿಂದ ಕಾಣುವುದಿಲ್ಲ, ಎಲ್ಲವೂ ತಾಯಿಯ ಕಣ್ಣಿನಿಂದಲೇ ಎನ್ನುತ್ತೀಯೆ. ಹೌದು. ಗೃಹಿಣಿಯರು ಓದುವ ಪತ್ರಿಕೆಗೆ ಬರೆದ ಕಥೆ ಅದು. ಎತ್ತಿಕೊಂಡರೆ ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸುವ ಕೂಸು, ಸಾಕುವುದು ನಿನಗೆ ಗೊತ್ತಿಲ್ಲ ಎನ್ನುವ ಅತ್ತೆ, ಕಚೇರಿಯಿಂದ ತಡವಾಗಿ ಬರುವ ಗಂಡ. ಆಟಿಸಂಗೆ ಜಪಾನೀ ಶಬ್ದ ‘ಜಿಹೆಯ್‌ಶೋ’, ತನ್ನೊಳಗೆ ಮುಚ್ಚಿಕೊಂಡದ್ದು. ನಮ್ಮವರು ಟಂಕಿಸಿದ್ದು ‘ಸ್ವಲೀನತೆ’, ತನ್ನೊಳಗೇ ಲೀನವಾದದ್ದು. ಎರಡು ದೇಶಗಳೂ ಮಗುವಿನ ಬಾಗಿಲು ಒಳಗಿನಿಂದ ಚಿಲಕ ಹಾಕಿದೆಯೆಂದು ನಂಬಿ, ಕೀಲಿಕೈ ಕಳೆದವಳು ತಾಯಿಯೆಂದು ಬೈದವು. ಆ ಬೈಗುಳವನ್ನು ತಾಯಿಯ ತಲೆಯಿಂದ ಇಳಿಸುವುದೇ ಅಂದಿನ ದೊಡ್ಡ ಕೆಲಸವಾಗಿತ್ತು. 2010ರಲ್ಲಿ ಲೇಖಕಿ ತೀರಿಕೊಂಡಾಗ ಕಥೆ ಇನ್ನೂ ಮುಗಿದಿರಲಿಲ್ಲ. ಒಳಗಿನ ದನಿಯನ್ನು ಬರೆಯಬೇಕಾದವಳು ನೀನು. ತಾಯಂದಿರ ಮೇಲೆ ಯಾಕೆ ಸಿಟ್ಟು?

ನಿನ್ನ ಮೇಲೆ ಇಷ್ಟು ರೇಗಲು ನನಗೆ ಕಾರಣವಿದೆ. ಮೂವತ್ತರ ಹರೆಯದಲ್ಲಿ ನಾನೊಂದು ಕಥೆ ಬರೆದೆ, ನಮ್ಮ ಮನೆಯಲ್ಲಿಯೇ ಇದ್ದ ಅಪ್ಪನ ದಾಯಾದಿ ತಂಗಿಯ ಬಗ್ಗೆ. ಒರಳುಕಲ್ಲು ತಿರುಗಿಸುವ ಸದ್ದಿಗೆ ಅವಳು ಕಿವಿ ಮುಚ್ಚಿ ಹಿತ್ತಲಿಗೆ ಓಡುತ್ತಿದ್ದಳು. ಮಾತಾಡುವಾಗ ನಮ್ಮ ಭುಜದ ಆಚೆ ನೋಡುತ್ತಿದ್ದಳು. ಶಿವಮೊಗ್ಗದಿಂದ ಹೊರಡುವ ಎಲ್ಲ ಬಸ್ಸುಗಳ ವೇಳೆ ಅವಳ ನಾಲಿಗೆಯ ತುದಿಯಲ್ಲಿತ್ತು. ಊರಿನವರು ಅವಳಿಗೆ ‘ಅರೆ’ ಎನ್ನುತ್ತಿದ್ದರು, ನಾನು ಕಥೆಯಲ್ಲಿ ಅವಳನ್ನು ಮುಗ್ಧೆಯನ್ನಾಗಿ, ಕೊನೆಕೊನೆಗೆ ದೇವಿಯನ್ನಾಗಿ ಮಾಡಿದೆ. ಒಬ್ಬ ವಿಮರ್ಶಕರು ‘ಅನುಕಂಪದ ಶಿಖರ’ ಎಂದು ಬರೆದರು. ಆ ಎರಡು ಶಬ್ದಗಳನ್ನು ನಾನು ಎಷ್ಟು ವರ್ಷ ಚಪ್ಪರಿಸಿದೆನೋ! ಅತ್ತೆಗೆ ಓದು ಬರುತ್ತಿತ್ತು. ಪತ್ರಿಕೆ ಓದಿ ಮುಗಿಸಿ, ನನ್ನ ಭುಜದ ಆಚೆ ನೋಡುತ್ತ ಹೇಳಿದಳು: ‘ಸಾಗರದ ಬಸ್ಸು ಆರೂ ಮುಕ್ಕಾಲಿಗೆ. ನೀನು ಆರೂವರೆ ಎಂದು ಬರೆದಿದ್ದೀಯೆ.’ ಇದನ್ನು ನಾನು ಸಭೆಗಳಲ್ಲಿ ನಗೆಹನಿಯಾಗಿ ಹೇಳುತ್ತಿದ್ದೆ, ಜನ ನಗುತ್ತಿದ್ದರು. ಮೊನ್ನೆ ತ್ಸುಕಿಮಿ ಗಾಜಿನ ಹೊರಗೆ ನಿಂತ ಪುಟವನ್ನು ಎರಡನೆಯ ಸಲ ತೆರೆದಾಗ ನಗು ಬರಲಿಲ್ಲ. ಅವಳಿಗೆ ಮುಖ್ಯವಾಗಿದ್ದ ಒಂದೇ ಒಂದು ಸಂಗತಿಯನ್ನು ನಾನು ಕೇಳಿಸಿಕೊಂಡಿರಲಿಲ್ಲ. ದೇವಿಯನ್ನಾಗಿ ಮಾಡುವ ಭರದಲ್ಲಿ ಬಸ್ಸು ತಪ್ಪಿಸಿದ್ದೆ. ಅವಳು ಹೋಗಿ ಇಪ್ಪತ್ತು ವರ್ಷವಾಯಿತು. ಆ ಸಂಕಲನ ಮತ್ತೆ ಅಚ್ಚಾಗಲಿಲ್ಲ. ಆರೂವರೆ ಹಾಗೆಯೇ ಉಳಿದಿದೆ.

ನಿನ್ನ ಹಸ್ತಪ್ರತಿಯನ್ನು ಯಾರೋ ‘ಇಂದಿನ ಅಗತ್ಯ’ ಎಂದು ಹೊಗಳಿದ್ದಾರೆಂದು ಬರೆದಿದ್ದೀಯೆ. ಅಗತ್ಯವಾದದ್ದಕ್ಕೆ ಪಡಿತರದ ಅಂಗಡಿ ಇದೆ. ಹಾಗೆ ಹೊಗಳಿದವರು ಅದನ್ನು ಎರಡನೆಯ ಸಲ ಓದುವುದಿಲ್ಲ. ಕನ್ನಡದಲ್ಲಿ ಇದನ್ನೆಲ್ಲ ಯಾರು ಓದುತ್ತಾರೆ ಎಂದು ಅತ್ತಿದ್ದೀಯೆ. ನಾನು ಓದಿದೆ, ಎರಡು ಸಲ. ಎರಡನೆಯ ಸಲ ಓದಿದ್ದು ಪೂರ್ತಿ ಚೀಟಿಗಾಗಿಯೇ.

ಪಟ್ಟಿಯ ಪುಟಗಳನ್ನು ನನ್ನಲ್ಲಿಯೇ ಇಟ್ಟುಕೊಂಡಿದ್ದೇನೆ, ಉಳಿದದ್ದನ್ನು ಮರಳಿಸುತ್ತಿದ್ದೇನೆ. ಪಟ್ಟಿ ಬೇಕೇಬೇಕೆಂದು ಹಟ ಹಿಡಿದರೆ ಕಳಿಸುತ್ತೇನೆ, ಆದರೆ ಕೇಳಬೇಡ. ಮೊಮ್ಮಗಳ ಹತ್ತಿರ ಜೆಲ್ಲಿ ಮೀನಿನ ಹುಡುಗಿ ಇರುವುದು ಏಳನೆಯ ಸಂಪುಟದವರೆಗೆ ಮಾತ್ರ. ಮುಂದಿನದು ನಿನ್ನಲ್ಲಿದ್ದರೆ ಕಳಿಸಿಕೊಡು. ತ್ಸುಕಿಮಿ ಮತ್ತು ಅವಳ ಗೆಳತಿಯರೆಲ್ಲ ಇರುವ ಆ ಹಳೆಯ ಕಟ್ಟಡವನ್ನು ಕೆಡವುತ್ತಾರೋ ಇಲ್ಲವೋ ಎಂಬುದನ್ನು ಪತ್ರದಲ್ಲಿ ಬರೆದುಬಿಡಬೇಡ.

ನಿನ್ನ ಹಿರಿಯ ಸ್ನೇಹಜೀವಿ