ಚಿನ್ನ ಬಂದ ವರ್ಷವೇ ಒಡೆದ ಮನೆ

ಪ್ರೀತಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ಯುರೋಪಿನ ವಾಟರ್ ಪೋಲೋ (ಈಜುಕೊಳದಲ್ಲಿ ಎರಡು ತಂಡ ಚೆಂಡೆಸೆದು ಗೋಲು ಹೊಡೆಯುವ ಆಟ) ಚಾಂಪಿಯನ್‌ಶಿಪ್ ಮಾತು ಬಂದಾಗ, 'ಹಂಗೇರಿ ಬಿಟ್ಟರೆ ಇನ್ಯಾರು ಗೆಲ್ತಾರೆ ಬಿಡೋ' ಅಂದೆಯಲ್ಲ, ಅದು ತಲೆಯಲ್ಲೇ ಉಳಿದುಬಿಟ್ಟಿತು.

ನೀನು ಹೇಳಿದ್ದು ಸುಮ್ನೆ ಅಲ್ಲ. 1926ರಲ್ಲಿ ಬುಡಾಪೆಸ್ಟ್‌ನಲ್ಲಿ ಶುರುವಾದ ಟೂರ್ನಿ ಅದು. 1938ರವರೆಗೆ ಐದು ಸಲ ನಡೆಯಿತು, ಐದೂ ಸಲ ಹಂಗೇರಿಗೇ ಚಿನ್ನ. ಅವರಲ್ಲಿ ಒಲಿವೆರ್ ಹಲಾಸಿ ಅಂತ ಒಬ್ಬರಿದ್ದರು. ಚಿಕ್ಕಂದಿನಲ್ಲೇ ಟ್ರಾಮ್ ಅಪಘಾತದಲ್ಲಿ ಒಂದು ಕಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಕೊಳದ ತಳ ಮುಟ್ಟದೆ, ಕಾಲು ಬಡಿಯುತ್ತಲೇ ಆಡಬೇಕಾದ ಆಟ ಕಣೋ ಇದು! 1931ರಲ್ಲಿ ಪ್ಯಾರಿಸ್‌ನಲ್ಲಿ ಅವರು ತಂಡದ ಚಿನ್ನದ ಜೊತೆಗೆ 1500 ಮೀಟರ್ ಈಜಿನ ಚಿನ್ನವನ್ನೂ ಗೆದ್ದರು.

ಆದರೆ ನನ್ನನ್ನು ಜಾಸ್ತಿ ಕಾಡುವುದು ಯುಗೊಸ್ಲಾವಿಯಾ. 1968, 1984, 1988ರಲ್ಲಿ ಒಲಿಂಪಿಕ್ಸ್ ಚಿನ್ನವನ್ನೇ ಗೆದ್ದ ತಂಡ ಅದು. ಯುರೋಪಿನ ಚಿನ್ನ ಮಾತ್ರ ಕೈಗೆ ಸಿಗಲಿಲ್ಲ. ಮತ್ತೆ ಮತ್ತೆ ಬೆಳ್ಳಿ. ಕೊನೆಗೂ ಅದು ಸಿಕ್ಕಿದ್ದು 1991ರ ಆಗಸ್ಟ್‌ನಲ್ಲಿ, ಅಥೆನ್ಸ್‌ನಲ್ಲಿ. ಅಷ್ಟರಲ್ಲಿ ಆ ದೇಶದ ಭಾಗಗಳಾಗಿದ್ದ ಸ್ಲೊವೇನಿಯಾ, ಕ್ರೊಯೇಷಿಯಾ ಎರಡೂ ನಾವು ಬೇರೆ ಅಂತ ಘೋಷಿಸಿ ಎರಡು ತಿಂಗಳಾಗಿತ್ತು. ಯುದ್ಧವೂ ಶುರುವಾಗಿತ್ತು. ಅಷ್ಟು ವರ್ಷ ಕಾದ ಚಿನ್ನ ಮನೆಗೆ ಬರುವ ಹೊತ್ತಿಗೆ ಮನೆಯೇ ಒಡೆದಿತ್ತು.

ಅದಾಗಿ ಹತ್ತು ವರ್ಷದ ಮೇಲೆ ಗೆದ್ದವರ ಪಟ್ಟಿ ನೋಡು. 2001ರಲ್ಲಿ ಯುಗೊಸ್ಲಾವಿಯಾ; ಒಡೆದ ಮೇಲೂ ಸರ್ಬಿಯಾ, ಮಾಂಟೆನೆಗ್ರೊ ಎರಡೇ ಸೇರಿ ಆ ಹೆಸರು ಉಳಿಸಿಕೊಂಡಿದ್ದವು. 2003ರಲ್ಲಿ ಸರ್ಬಿಯಾ ಮತ್ತು ಮಾಂಟೆನೆಗ್ರೊ. 2006ರಲ್ಲಿ ಬರೀ ಸರ್ಬಿಯಾ. 2010ರಲ್ಲಿ ತಮ್ಮದೇ ಜಾಗ್ರೆಬ್‌ನಲ್ಲಿ ಕ್ರೊಯೇಷಿಯಾದವರು ಗೆದ್ದರು. 2012ರಿಂದ 2018ರವರೆಗೆ ಸತತ ನಾಲ್ಕು ಸಲ ಮತ್ತೆ ಸರ್ಬಿಯಾ.

ನಡುವೆ 2008 ಬಿಟ್ಟೆ, ಬೇಕೆಂದೇ. ಮಾಂಟೆನೆಗ್ರೊ ಬೇರೆಯಾಗಿ ಎರಡೇ ವರ್ಷ. ಇಡೀ ದೇಶದ ಜನ 6 ಲಕ್ಷ ಚಿಲ್ಲರೆ. ಆಟಗಾರರು ಬರುವುದು ಕೋಟರ್, ಹೆರ್ಸೆಗ್ ನೋವಿಯಂಥ ಸಮುದ್ರದಂಚಿನ ಪುಟ್ಟ ಊರುಗಳಿಂದ. ಸ್ಪೇನಿನ ಮಲಗಾದಲ್ಲಿ ಸ್ವಂತ ಹೆಸರಿನಲ್ಲಿ ಮೊದಲ ಸಲ ಈ ಟೂರ್ನಿಗೆ ಇಳಿದು ನೇರ ಫೈನಲ್‌ಗೇ ಬಂದರು. ಎದುರಿಗೆ ಸರ್ಬಿಯಾ! 2003ರಲ್ಲಿ ಒಂದೇ ತಂಡದ ಟೋಪಿ ಹಾಕಿ ಚಿನ್ನ ಗೆದ್ದವರಲ್ಲಿ ಕೆಲವರು ಈಗ ಎದುರಾಬದುರು. 6-5ರಲ್ಲಿ ಮಾಂಟೆನೆಗ್ರೊ ಗೆದ್ದಿತು.

ಎರಡೂ ಕಡೆಯವರ ಮಾತು ಒಬ್ಬರಿಗೊಬ್ಬರಿಗೆ ಪೂರ್ತಿ ಅರ್ಥವಾಗುತ್ತದೆ, ಅಲ್ವಾ? ಆಟ ಮುಗಿದು ನೀರಿನಲ್ಲೇ ಕೈ ಕುಲುಕುವಾಗ ಆ ಹಳೆಯ ಜೊತೆಗಾರರು ಏನು ಹೇಳಿಕೊಂಡಿರಬಹುದು ಅಂತ ಯೋಚಿಸುತ್ತಲೇ ಇದ್ದೇನೆ. ನಿನಗೇನು ಅನ್ನಿಸುತ್ತದೆ, ಬರೆ.

ನಿನ್ನ ಗೆಳೆಯ