ಶಾಯಿ ಪ್ರಯೋಗ ಕೆಟ್ಟರೆ ದೋಷ ಮಕ್ಕಳದ್ದಲ್ಲ

ಮಾನ್ಯರೇ,

ಕಪ್ಪು ಶಾಯಿಯಿಂದ ಬಣ್ಣಗಳನ್ನು ಬೇರ್ಪಡಿಸುವ ಕಾಗದ ಕ್ರೊಮ್ಯಾಟೋಗ್ರಫಿ ನಮ್ಮ ಮಳೆಗಾಲದಲ್ಲಿ ಕೈಕೊಡುವುದು ಹೆಚ್ಚು. ಹಾಗೆಂದು ಬೋರ್ಡಿನಲ್ಲಿ ಚಿತ್ರ ಬರೆದು ಪಾಠ ಮುಗಿಸಬಾರದು. ಆಟಿ ತಿಂಗಳ ಮಳೆಯ ಹವೆಗೆ ಹಪ್ಪಳ ಮೆತ್ತಗಾಗುವಂತೆ ಫಿಲ್ಟರ್ ಪೇಪರೂ ತೇವ ಹೀರುತ್ತದೆ. ಅದರ ಮೇಲಿಟ್ಟ ಶಾಯಿಯ ಚುಕ್ಕೆ ಹರಡಿಬಿಡುತ್ತದೆ. ಪೇಪರನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಬಳಸುವ ಮುನ್ನ ಹದ ಬಿಸಿಯ ಇಸ್ತ್ರಿಪೆಟ್ಟಿಗೆಯನ್ನು ಒಮ್ಮೆ ಆಡಿಸಿದರೆ ಸಾಕು.

ಪಟ್ಟಿ 3 ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದ ಇರಲಿ. ವಾಟ್‌ಮನ್ ನಂಬರ್ 1 ಎಂಬ ಫಿಲ್ಟರ್ ಪೇಪರ್ ಒಳ್ಳೆಯದು. ಕೆಳತುದಿಯಿಂದ 2 ಸೆಂ.ಮೀ. ಮೇಲೆ ಪೆನ್ಸಿಲಿನಲ್ಲೇ ಅಡ್ಡಗೆರೆ ಎಳೆಯಬೇಕು; ಪೆನ್ನಿನಲ್ಲಿ ಎಳೆದರೆ ಗೆರೆಯ ಶಾಯಿಯೂ ಮೇಲೇರಬಹುದು. ಕಪ್ಪು ಸ್ಕೆಚ್ ಪೆನ್ನಿನ ಚುಕ್ಕೆ 2–3 ಮಿ.ಮೀ. ಮೀರದಿರಲಿ. ಅದು ಒಣಗಿದ ಮೇಲೆ ಅದೇ ಜಾಗಕ್ಕೆ ಇನ್ನೆರಡು ಸಲ ಮುಟ್ಟಿಸಿ. ಒಮ್ಮೆಗೇ ಒತ್ತಿ ಹಿಡಿದರೆ ದೊಡ್ಡ ಕಲೆಯಾಗಿ, ಬಣ್ಣಗಳು ಒಂದರೊಳಗೊಂದು ಬೆರೆತೇ ಉಳಿಯುತ್ತವೆ.

ಗಾಜಿನ ಭರಣಿಯಲ್ಲಿ ನೀರು 1 ಸೆಂ.ಮೀ. ಮಾತ್ರ. ಹೆಚ್ಚಿನವರು ಎಡವುವುದು ಇಲ್ಲಿಯೇ: ನೀರು ಚುಕ್ಕೆಯನ್ನು ಮುಟ್ಟಿದರೆ ಶಾಯಿ ಕಾಗದ ಹತ್ತದೆ ಭರಣಿಯಲ್ಲೇ ಕರಗಿಹೋಗುತ್ತದೆ. ಪಟ್ಟಿ ಗಾಜಿಗೆ ತಾಗಿದರೆ ಆ ಅಂಚಿನಲ್ಲಿ ನೀರು ಬೇಗ ಏರಿ ಸಾಲು ಸೊಟ್ಟಗಾಗುತ್ತದೆ. ಭರಣಿಯ ಮೇಲೆ ಅಡ್ಡಲಾಗಿಟ್ಟ ಪೆನ್ಸಿಲಿಗೆ ಪಟ್ಟಿಯನ್ನು ನೇತುಹಾಕಿ, ಭರಣಿಯ ಬಾಯಿ ಮುಚ್ಚಿ.

ಕಾಗದಕ್ಕೆ ಅಂಟಿಕೊಳ್ಳುವ ಒಲವು ಕಡಿಮೆಯಿದ್ದು ನೀರಿನಲ್ಲಿ ಸುಲಭವಾಗಿ ಕರಗುವ ಬಣ್ಣ ಮುಂದೆ ಓಡುತ್ತದೆ, ಉಳಿದದ್ದು ಹಿಂದೆ ಬೀಳುತ್ತದೆ. ನೀರು ಮೇಲ್ತುದಿಗೆ 1 ಸೆಂ.ಮೀ. ಇರುವಾಗ ಪಟ್ಟಿ ತೆಗೆದು, ಒದ್ದೆಯ ಅಂಚನ್ನು ತಕ್ಷಣ ಪೆನ್ಸಿಲಿನಲ್ಲಿ ಗುರುತಿಸಬೇಕು. ಒಣಗಿದರೆ ಅಂಚು ಕಾಣುವುದಿಲ್ಲ, ಅಳತೆಯೂ ಸಿಗುವುದಿಲ್ಲ. ಗೆರೆಯಿಂದ ನೀರು 12 ಸೆಂ.ಮೀ., ನೀಲಿ 9.6 ಸೆಂ.ಮೀ. ಏರಿದ್ದರೆ ನೀಲಿಯ ಆರ್‌ಎಫ್ ಮೌಲ್ಯ, ಅಂದರೆ ಬಣ್ಣ ಏರಿದ ದೂರವನ್ನು ನೀರು ಏರಿದ ದೂರದಿಂದ ಭಾಗಿಸಿದಾಗ ಬರುವ ಅಂಕಿ, 0.8. ಕಾಗದ ಅಥವಾ ದ್ರಾವಕ (ಬಣ್ಣ ಕರಗಿಸುವ ದ್ರವ, ಇಲ್ಲಿ ನೀರು) ಬದಲಾದರೆ ಈ ಅಂಕಿಯೂ ಬದಲಾಗುತ್ತದೆ.

ಬಾಲ್ ಪೆನ್ನಿನ ಶಾಯಿ ನೀರಿಗೆ ಜಗ್ಗುವುದಿಲ್ಲ, ಸ್ಪಿರಿಟ್ ಬೇಕು. ಹತ್ತಿರ ಬೆಂಕಿ ಇರಕೂಡದು. ಕೆಲವು ಜೆಲ್ ಪೆನ್ನುಗಳಲ್ಲಿರುವುದು ಕರಗದ ಪುಡಿಬಣ್ಣ, ಅದು ಎರಡಕ್ಕೂ ಕದಲದು. ಅದೂ ಉತ್ತರವೇ, ಪ್ರಯೋಗ ಸೋತಿತೆಂದು ಪಟ್ಟಿಯನ್ನು ಎಸೆಯುವುದು ಬೇಡ.

ವಿಜ್ಞಾನ ಮೇಳಗಳ ತೀರ್ಪುಗಾರರಲ್ಲಿ ಒಂದು ವಿನಂತಿ: ಪಟ್ಟಿಯ ಬಣ್ಣದ ಅಂದಕ್ಕೆ ಅಂಕ ಕೊಡುವ ಮೊದಲು ಪೆನ್ಸಿಲಿನ ಆ ಎರಡು ಗುರುತುಗಳನ್ನು (ಕೆಳಗಿನ ಅಡ್ಡಗೆರೆ, ಮೇಲಿನ ಒದ್ದೆಯಂಚು) ತೋರಿಸಲು ಮಕ್ಕಳಿಗೆ ಹೇಳಿ.

– ವಿಜ್ಞಾನ ಶಿಕ್ಷಕಿ, ಉಡುಪಿ